ಠಸ್ಸೆ ಬಿದ್ದ ನಾಣ್ಯವನ್ನು ದಯವಿಟ್ಟು ತಿಕ್ಕಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಳೆ ನಾಣ್ಯ ಕೂಡಿಡುವವರಿಗೆ ಕೆಲವು ಸಲಹೆಗಳು ಬಂದಿದ್ದವು. ಬರಹ ಚೆನ್ನಾಗಿತ್ತು, ಮಕ್ಕಳಿಗೂ ತಿಳಿಯುವ ಹಾಗಿತ್ತು. ಆದರೆ ಒಂದು ಸಾಲು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ನಾಣ್ಯದ ಮೇಲೆ ಆಮೇಲೆ ಯಾರೋ ಒತ್ತಿದ ಗುರುತು ಇದ್ದರೆ ಅದು ಜಖಂ ಆದ ನಾಣ್ಯ, ಪಾಲಿಶ್ ಮಾಡಿಸಿ, ಇಲ್ಲವೇ ಬಿಟ್ಟುಬಿಡಿ ಅಂತ ಇತ್ತು. ಇದು ತಪ್ಪು. ನಮ್ಮ ಕಲಬುರಗಿ, ಯಾದಗಿರಿ ಕಡೆ ಜನ ಈ ಮಾತು ನಂಬಿದರೆ ಬಹಳ ನಷ್ಟ ಆಗುತ್ತದೆ, ಅದಕ್ಕೇ ಇಷ್ಟು ಉದ್ದದ ಪತ್ರ. ದಯವಿಟ್ಟು ಕತ್ತರಿಸದೆ ಹಾಕಿ.

ಆ ಗುರುತಿಗೆ ನಾವು ಠಸ್ಸೆ ಅನ್ನೋಣ. ಟಂಕಸಾಲೆಯಿಂದ ಹೊರಬಿದ್ದು, ಕೈಯಿಂದ ಕೈಗೆ ಓಡಾಡಿದ ನಾಣ್ಯದ ಮೇಲೆ ಆಮೇಲೆ ಯಾರೋ ಒತ್ತಿದ ಇನ್ನೊಂದು ಸಣ್ಣ ಮುದ್ರೆ ಅದು. ನಮ್ಮಪ್ಪ ಇಲ್ಲಿನ ಗಂಜ್‌ನಲ್ಲಿ ಒಂದು ಅಡತ ಅಂಗಡಿಯ ಮುನೀಮರಾಗಿದ್ದರು. ರಜೆಯಲ್ಲಿ ನಾನು ತೊಗರಿ ಚೀಲಗಳ ಮೇಲೆ ಹತ್ತಿ ಕೂತಿರುತ್ತಿದ್ದೆ. ಹಳೆ ಗೋಣಿಚೀಲದ ಮೇಲೆ ಒಂದರ ಮೇಲೊಂದು ಮಸಿ ಬಿದ್ದಿರುತ್ತಿತ್ತು. ಮೊದಲು ಯಾವುದೋ ಮಿಲ್ಲಿನ ಹೆಸರು, ಅದರ ಮೇಲೆ ಒಬ್ಬ ವ್ಯಾಪಾರಿಯ ಎರಡು ಅಕ್ಷರ, ಅದನ್ನು ಅರ್ಧ ಮುಚ್ಚಿ ಇನ್ನೊಬ್ಬರ ಗುರುತು. ಅಪ್ಪ ಅದನ್ನು ನೋಡಿ ಈ ಚೀಲ ಮೊದಲು ಎಲ್ಲಿಗೆ ಹೋಗಿತ್ತು, ಯಾರ ಕೈಯಿಂದ ಬಂತು ಅಂತ ಹೇಳಿಬಿಡುತ್ತಿದ್ದರು. ಯಾರೂ ಆ ಚೀಲವನ್ನು ಕೆಟ್ಟ ಚೀಲ ಅನ್ನಲಿಲ್ಲ. ನಾಣ್ಯದ ಮೇಲಿನ ಠಸ್ಸೆಯೂ ಹಾಗೇ ಅಲ್ವಾ?

ಇದು ನನಗೆ ಸರಿಯಾಗಿ ಮನಸ್ಸಿಗೆ ಹತ್ತಿದ್ದು ಜರ್ಮನಿಯಲ್ಲಿ. ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ, ಅಪ್ಪ ಸಮಾಜ ವಿಜ್ಞಾನದ ಮೇಷ್ಟ್ರು, ನಾಣ್ಯದ ಹುಚ್ಚಿನವರು ಅಂತ ಓಸ್ನಾಬ್ರುಕ್ ಊರಿನ ಹತ್ತಿರ ಕಾಲ್ಕ್ರೀಸ ಎಂಬಲ್ಲಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಕ್ರಿ.ಶ. 9ರಲ್ಲಿ ಜರ್ಮನ್ ಬುಡಕಟ್ಟುಗಳು ರೋಮನ್ನರ ಮೂರು ಲೀಜನ್‌ಗಳನ್ನು, ಅಂದರೆ ಸಾವಿರಾರು ಸೈನಿಕರನ್ನು, ಕಾಡಿನ ದಾರಿಯಲ್ಲಿ ಸುತ್ತುವರಿದು ಮುಗಿಸಿದವು. ಅವು 17, 18, 19ನೇ ಲೀಜನ್‌ಗಳು. ಅವರ ದಂಡನಾಯಕ ಪಬ್ಲಿಯಸ್ ಕ್ವಿಂಕ್ಟಿಲಿಯಸ್ ವಾರಸ್. ಸೋಲು ಖಚಿತವಾದಾಗ ಅವನು ತನ್ನ ಕತ್ತಿಗೇ ತಾನು ಬಲಿಯಾದ. ಈ ಕಾಳಗ ನಡೆದ ಜಾಗ ಯಾವುದು ಅಂತ ನೂರಾರು ವರ್ಷ ವಾದ ನಡೆಯಿತು.

ದಾರಿ ತೋರಿಸಿದ್ದು ನಾಣ್ಯಗಳು. ಆ ಸುತ್ತಿನ ಹೊಲಗಳಲ್ಲಿ ರೈತರಿಗೆ ಆಗಾಗ ರೋಮನ್ ನಾಣ್ಯ ಸಿಗುತ್ತಿದ್ದವು, ಅಲ್ಲಿನ ಒಂದು ಜಮೀನ್ದಾರರ ಮನೆಯವರು ಅವನ್ನು ಕೂಡಿಟ್ಟಿದ್ದರು. ಆ ನಾಣ್ಯಗಳನ್ನು ನೋಡಿಯೇ ಥಿಯೋಡರ್ ಮಾಮ್ಸೆನ್ ಎಂಬ ಇತಿಹಾಸಕಾರರು 1885ರಲ್ಲಿ ಕಾಳಗ ನಡೆದದ್ದು ಇಲ್ಲೇ ಅಂದರು. ಆಗ ಬಹಳ ಜನ ಒಪ್ಪಲಿಲ್ಲ. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲೋಹಶೋಧಕ ಹಿಡಿದು ಹುಡುಕಿದಾಗ ಬೆಳ್ಳಿ ನಾಣ್ಯ ಸಿಕ್ಕವು, ಆಮೇಲೆ ಕವಣೆಯ ಸೀಸದ ಗುಂಡು ಸಿಕ್ಕವು. ನಂತರ ಉತ್ಖನನ ಶುರುವಾಯಿತು. ಅಲ್ಲಿ ಸಿಕ್ಕ ತಾಮ್ರದ ನಾಣ್ಯಗಳಲ್ಲಿ ಕೆಲವಕ್ಕೆ ಒಂದು ಸಣ್ಣ ಚೌಕದ ಠಸ್ಸೆ ಇತ್ತು. ಒಳಗೆ ಮೂರು ಅಕ್ಷರ: ವಿ, ಎ, ಆರ್. ಒಂದಕ್ಕೊಂದು ಕೂಡಿಸಿ ಕೆತ್ತಿದವು, ನಮ್ಮ ಒತ್ತಕ್ಷರದ ಹಾಗೆ ಒಂದರ ಕಾಲು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ವಾರಸ್ ಹೆಸರಿನ ಠಸ್ಸೆ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ವಾರಸ್ ಆ ಸೀಮೆಗೆ ಅಧಿಕಾರಿಯಾಗಿ ಬಂದದ್ದು ಕ್ರಿ.ಶ. 7ರ ಹೊತ್ತಿಗೆ, ಸತ್ತದ್ದು 9ರಲ್ಲಿ. ಹಾಗಾದರೆ ಆ ಠಸ್ಸೆ ಬಿದ್ದದ್ದು ಆ ಎರಡು ಮೂರು ವರ್ಷದೊಳಗೇ, ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ನಾಣ್ಯ ಮಾತ್ರ ಅದಕ್ಕಿಂತ ಹಳೆಯದು, ಅದನ್ನು ನೋಡಿದರೆ ಅಗಸ್ಟಸ್ ಚಕ್ರವರ್ತಿಯ ಕಾಲ ಅಂತಷ್ಟೇ ಹೇಳಬಹುದು. ಅಗಸ್ಟಸ್ ಆಳಿದ್ದು 40 ವರ್ಷ. ಠಸ್ಸೆ ಆ 40 ವರ್ಷವನ್ನು ಎರಡು ಮೂರು ವರ್ಷಕ್ಕೆ ಇಳಿಸಿತು. ಜೊತೆಗೆ ಕ್ರಿ.ಶ. 9ರ ನಂತರದ ನಾಣ್ಯ ಆ ಕಾಳಗದ ಪದರದಲ್ಲಿ ಇಲ್ಲ. ಅದು ಕ್ರಿ.ಶ. 15ರಲ್ಲಿ ಜರ್ಮನಿಕಸ್ ಎಂಬ ರೋಮನ್ ದಂಡನಾಯಕ ನಡೆಸಿದ ಇನ್ನೊಂದು ಕಾಳಗದ ಜಾಗ ಅನ್ನುವ ವಿದ್ವಾಂಸರೂ ಇದ್ದಾರೆ, ಆ ಚರ್ಚೆ ಪೂರ್ತಿ ಮುಗಿದಿಲ್ಲ. ಆದರೆ ಆ ಚರ್ಚೆಯೂ ನಾಣ್ಯ ಮತ್ತು ಠಸ್ಸೆಗಳ ಮೇಲೆಯೇ ನಿಂತಿದೆ. ಅಲ್ಲಿನ ರೈತರು ಹೊಲದಲ್ಲಿ ಸಿಕ್ಕದ್ದನ್ನು ಕರಗಿಸಿದ್ದರೆ, ಹುಣಸೆಹಣ್ಣು ಹಾಕಿ ತಿಕ್ಕಿದ್ದರೆ, ವಾದ ಮಾಡಲಿಕ್ಕೂ ಏನೂ ಉಳಿಯುತ್ತಿರಲಿಲ್ಲ.

ನಾನು ಆ ಗಾಜಿನ ಪೆಟ್ಟಿಗೆ ಮುಂದೆ ಅರ್ಧ ಗಂಟೆ ನಿಂತಿದ್ದೆ. ಊರಿಗೆ ಬಂದ ಮೇಲೆ ಒಂದು ವರ್ಷ ಇದನ್ನೇ ಓದಿದೆ. ಓದಿ ತಿಳಿದದ್ದನ್ನು ನಮ್ಮ ಓದುಗರಿಗೆ ಹೇಳುತ್ತೇನೆ, ಯಾಕೆಂದರೆ ರೋಮನ್ ಠಸ್ಸೆ ಓದುವ ಕ್ರಮ ಗೊತ್ತಾದರೆ ನಮ್ಮ ಮನೆ ಪೆಟ್ಟಿಗೆಯಲ್ಲಿರುವ ನಾಣ್ಯ ನೋಡಲಿಕ್ಕೂ ಅದೇ ಕ್ರಮ ಸಾಕು.

ಮೊದಲ ಮಾತು, ಠಸ್ಸೆಯನ್ನು ಮೊದಲು ನೋಡಬೇಡಿ. ನಾಣ್ಯವನ್ನು ನೋಡಿ. ಅದು ಯಾರದ್ದು, ಯಾವ ಊರಿನ ಟಂಕಸಾಲೆಯದ್ದು ಗೊತ್ತಾದರೆ ಠಸ್ಸೆಯ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ಠಸ್ಸೆ ನಾಣ್ಯಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ರೋಮನ್ನರ ದೊಡ್ಡ ಹಿತ್ತಾಳೆ ನಾಣ್ಯಕ್ಕೆ ಸೆಸ್ಟರ್ಷಿಯಸ್ ಅಂತ ಹೆಸರು, ತೂಕ ಸುಮಾರು 25 ಗ್ರಾಂ, ಅಂಗೈ ಮೇಲೆ ಭಾರ ಗೊತ್ತಾಗುತ್ತದೆ. ಅದರ ಅರ್ಧ ಬೆಲೆಯದು ಡುಪೋಂಡಿಯಸ್, ಅದೂ ಹಿತ್ತಾಳೆ. ಕಾಲು ಬೆಲೆಯದು ಆಸ್, ಅದು ತಾಮ್ರ, ಸುಮಾರು 11 ಗ್ರಾಂ. ಸಂಗ್ರಹ ಮಾಡುವವರು ಎಲ್ಲವನ್ನೂ ಸೇರಿಸಿ ಕಂಚಿನ ನಾಣ್ಯ ಅನ್ನುತ್ತಾರೆ, ಆದರೆ ಲೋಹ ಬೇರೆ ಬೇರೆ. 16 ಆಸ್ ಕೊಟ್ಟರೆ ಒಂದು ಬೆಳ್ಳಿಯ ಡಿನಾರಿಯಸ್.

ಜರ್ಮನಿಯ ಗಡಿಯ ಸೈನಿಕರ ಕೈಯಲ್ಲಿ ಓಡಾಡಿದ ಆಸ್‌ಗಳಲ್ಲಿ ಎರಡು ಬಹಳ ಸಲ ಕಾಣುತ್ತವೆ. ಒಂದು ಲುಗ್ಡುನಮ್‌ನದ್ದು, ಇವತ್ತಿನ ಫ್ರಾನ್ಸಿನ ಲಿಯೋನ್. ಹಿಂಬದಿಯಲ್ಲಿ ಒಂದು ದೊಡ್ಡ ಬಲಿಪೀಠ, ಎರಡು ಪಕ್ಕ ಕಂಬ, ಕಂಬದ ಮೇಲೆ ವಿಜಯದೇವತೆ. ಇನ್ನೊಂದು ನೆಮೌಸಸ್ ಊರಿನದ್ದು, ಈಗಿನ ನೀಮ್. ಅದರ ಮುಂಬದಿ ಅಗಸ್ಟಸ್ ಮತ್ತು ಅವನ ಗೆಳೆಯ ಅಗ್ರಿಪ್ಪ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಾಗೆ ಎರಡು ತಲೆ, ಹಿಂಬದಿ ತಾಳೆಮರಕ್ಕೆ ಸರಪಳಿಯಿಂದ ಕಟ್ಟಿದ ಮೊಸಳೆ. ಈಜಿಪ್ಟ್ ಗೆದ್ದ ನೆನಪು ಅದು. ಚಿಲ್ಲರೆಗೆ ಬೇಕು ಅಂತ ಈ ನಾಣ್ಯವನ್ನು ಉಳಿಯಿಂದ ಎರಡು ತುಂಡು ಮಾಡುತ್ತಿದ್ದರು. ಅರ್ಧ ಮೊಸಳೆಯ ನಾಣ್ಯಗಳು ಎಷ್ಟೋ ಸಿಕ್ಕಿವೆ. ಅದನ್ನೂ ಜಖಂ ಅನ್ನೋಣವೇ?

ಹೊಸಬರು ಮಾಡುವ ಒಂದು ತಪ್ಪು ಇಲ್ಲೇ ಹೇಳಿಬಿಡುತ್ತೇನೆ, ನಾನೂ ಮಾಡಿದ್ದೇನೆ. ರೋಮ್ ಊರಿನಲ್ಲಿ ಅಚ್ಚಾದ ತಾಮ್ರ, ಹಿತ್ತಾಳೆ ನಾಣ್ಯಗಳ ಮೇಲೆ ಎಸ್, ಸಿ ಎಂಬ ಎರಡು ಅಕ್ಷರ ಇರುತ್ತವೆ, ಎಷ್ಟೋ ಸಲ ನಟ್ಟನಡುವೆ ದೊಡ್ಡದಾಗಿ. ಅದು ಠಸ್ಸೆ ಅಲ್ಲ. ಸೆನೆಟ್ ಸಭೆಯ ತೀರ್ಮಾನದಂತೆ ಎಂಬ ಅರ್ಥದ ಲ್ಯಾಟಿನ್ ಮಾತಿನ ಎರಡು ಮೊದಲಕ್ಷರ, ನಾಣ್ಯದ ಅಚ್ಚಿನಲ್ಲೇ ಬಂದದ್ದು. ಗುರುತಿಸುವುದು ಸುಲಭ. ಅಚ್ಚಿನ ಅಕ್ಷರ ನಾಣ್ಯದ ಮೈಯಿಂದ ಮೇಲಕ್ಕೆ ಎದ್ದಿರುತ್ತದೆ. ಠಸ್ಸೆಯಾದರೆ ಮೊದಲು ಒಂದು ತಗ್ಗು, ಚೌಕದ್ದೋ ದುಂಡಗಿನದ್ದೋ, ಆ ತಗ್ಗಿನ ಒಳಗೆ ಅಕ್ಷರ ಎದ್ದಿರುತ್ತದೆ. ಉಗುರು ಆಡಿಸಿದರೆ ಅಂಚು ತಾಗುತ್ತದೆ. ಇನ್ನೊಂದು ಗುರುತು, ನಾಣ್ಯವನ್ನು ತಿರುಗಿಸಿ ನೋಡಿ. ಸುತ್ತಿಗೆ ಏಟು ಜೋರಾಗಿ ಬಿದ್ದಿದ್ದರೆ ಠಸ್ಸೆಯ ಸರಿಯಾಗಿ ಹಿಂದಿನ ಜಾಗದಲ್ಲಿ ಚಿತ್ರ ಚಪ್ಪಟೆಯಾಗಿರುತ್ತದೆ.

ಅಕ್ಷರ ಓದುವಾಗ ನಾಣ್ಯವನ್ನು ಸುತ್ತ ತಿರುಗಿಸುತ್ತಾ ಓದಬೇಕು. ಒತ್ತಿದವನು ಚಕ್ರವರ್ತಿಯ ಮುಖ ನೆಟ್ಟಗಿದೆಯೋ ಇಲ್ಲವೋ ನೋಡುತ್ತಿರಲಿಲ್ಲ, ಅವನ ಮುಂದೆ ನಾಣ್ಯಗಳ ರಾಶಿ ಇರುತ್ತಿತ್ತು, ಹಾಗಾಗಿ ಠಸ್ಸೆ ತಲೆಕೆಳಗಾಗಿಯೂ ಅಡ್ಡಲಾಗಿಯೂ ಬಿದ್ದಿರುತ್ತದೆ. ಯು ಅಕ್ಷರದ ಜಾಗದಲ್ಲಿ ವಿ ಇರುತ್ತದೆ, ಎ, ವಿ, ಜಿ ಅಂತ ಇದ್ದರೆ ಅಗಸ್ಟಸ್ ಅಂತ ಓದಬೇಕು. ಐ, ಎಂ, ಪಿ ಇದ್ದರೆ ಇಂಪರೇಟರ್, ದಂಡನಾಯಕ, ಚಕ್ರವರ್ತಿ. ಟಿ, ಐ, ಬಿ ಇದ್ದರೆ ಟೈಬೀರಿಯಸ್, ಅಗಸ್ಟಸ್ ನಂತರದ ಚಕ್ರವರ್ತಿ. ಸಿ, ವಿ, ಎ, ಎಲ್ ಅಂತ ಒಂದು ಠಸ್ಸೆ ಇದೆ, ಅದು ವಾರಸ್‌ನ ಕೈಕೆಳಗಿದ್ದ ಗಾಯಸ್ ನುಮೋನಿಯಸ್ ವಾಲಾನದ್ದು ಎನ್ನುತ್ತಾರೆ. ಅದೇ ಕಾಳಗದಲ್ಲಿ ಕಾಲಾಳುಗಳನ್ನು ಬಿಟ್ಟು ಕುದುರೆ ದಳದ ಜೊತೆ ಓಡಿ ಹೋಗಿ, ದಾರಿಯಲ್ಲಿ ಸತ್ತವನು. ಅವನ ಹೆಸರಿನ ನಾಲ್ಕು ಅಕ್ಷರ ತಾಮ್ರದ ಮೇಲೆ ಇವತ್ತಿಗೂ ಇವೆ.

ಬೆಳಕಿನ ವಿಷಯ ಜಾಸ್ತಿ ಮುಖ್ಯ. ನೇರ ಬೆಳಕಿನಲ್ಲಿ ಸವೆದ ಠಸ್ಸೆ ಕಾಣುವುದೇ ಇಲ್ಲ. ಬೆಳಗ್ಗೆ ಕಿಟಕಿ ಪಕ್ಕ ಕೂತು, ಬಿಸಿಲು ಓರೆಯಾಗಿ ನಾಣ್ಯದ ಮೇಲೆ ಜಾರುವ ಹಾಗೆ ಹಿಡಿಯಿರಿ. ನೆರಳಿನಲ್ಲಿ ಅಕ್ಷರ ಏಳುತ್ತದೆ. ಮೊಬೈಲಿನ ಟಾರ್ಚ್ ಪಕ್ಕದಿಂದ ಹಿಡಿದರೂ ಆಗುತ್ತದೆ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ. ಕಂಡದ್ದನ್ನಷ್ಟೇ ಬರೆದುಕೊಳ್ಳಿ, ಒಂದು ಕಡ್ಡಿ ಕಂಡರೆ ಒಂದು ಕಡ್ಡಿ ಅಂತಲೇ. ಇರಬೇಕು ಅಂತ ಅಂದುಕೊಂಡ ಅಕ್ಷರ ಸೇರಿಸಿದರೆ ಆಮೇಲೆ ಕಣ್ಣು ಅದನ್ನೇ ನೋಡುತ್ತದೆ.

ಸವೆತವನ್ನೂ ಓದಬಹುದು. ನಾಣ್ಯದ ಮುಖ ಪೂರ್ತಿ ನುಣುಪಾಗಿದ್ದು ಠಸ್ಸೆ ಮಾತ್ರ ಹರಿತವಾಗಿದ್ದರೆ, ನಾಣ್ಯ ಬಹಳ ವರ್ಷ ಓಡಾಡಿದ ಮೇಲೆ ಠಸ್ಸೆ ಬಿದ್ದಿದೆ, ಬಿದ್ದ ಸ್ವಲ್ಪ ದಿನಕ್ಕೇ ಮಣ್ಣಿಗೆ ಸೇರಿದೆ ಅಂತ ಅರ್ಥ. ಎರಡು ಠಸ್ಸೆ ಒಂದರ ಮೇಲೊಂದು ಬಿದ್ದಿದ್ದರೆ ಇನ್ನೂ ಒಳ್ಳೆಯದು, ಯಾವುದು ಯಾವುದನ್ನು ಕತ್ತರಿಸಿದೆ ನೋಡಿದರೆ ಯಾವುದು ಮೊದಲು ಗೊತ್ತಾಗುತ್ತದೆ. ಗೋಣಿಚೀಲದ ಲೆಕ್ಕವೇ. ಇನ್ನು ಹಸಿರು, ಕಂದು ಬಣ್ಣದ ಹಳೆ ಪೊರೆ ಠಸ್ಸೆಯ ತಗ್ಗಿನ ಒಳಗೂ ಅದೇ ಥರ ಹರಡಿರಬೇಕು. ನಾಣ್ಯದ ಮೈಯೆಲ್ಲ ಹಸಿರು, ಠಸ್ಸೆ ಒಳಗೆ ಮಾತ್ರ ಹೊಸ ತಾಮ್ರದ ಹೊಳಪು ಇದ್ದರೆ ಇತ್ತೀಚೆಗೆ ಯಾರೋ ದುಡ್ಡಿಗಾಗಿ ಒತ್ತಿದ್ದಾರೆ ಅಂತ ಅನುಮಾನಪಡಿ. ತಿಕ್ಕಿದ ನಾಣ್ಯದಲ್ಲಿ ಈ ಪರೀಕ್ಷೆ ಮಾಡಲಿಕ್ಕೇ ಆಗುವುದಿಲ್ಲ.

ಯಾಕೆ ಒತ್ತುತ್ತಿದ್ದರು? ಒಂದೇ ಕಾರಣ ಇಲ್ಲ. ಸೈನಿಕರಿಗೆ ಹಣ ಹಂಚುವಾಗ ಇದು ನಾನು ಕೊಟ್ಟದ್ದು ಅಂತ ತೋರಿಸಲು ವಾರಸ್ ಒತ್ತಿಸಿರಬೇಕು ಎನ್ನುತ್ತಾರೆ. ನೀರೋ ಚಕ್ರವರ್ತಿಯ ಕಾಲದ ಒಂದು ಪ್ರಸಿದ್ಧ ಠಸ್ಸೆಯಲ್ಲಿ ಎನ್, ಸಿ, ಎ, ಪಿ, ಆರ್ ಎಂಬ ಐದು ಅಕ್ಷರ ಇವೆ, ಅವನಿಗಿಂತ ಮೊದಲಿನ ಚಕ್ರವರ್ತಿ ಕ್ಲಾಡಿಯಸ್ ಕಾಲದ ದೊಡ್ಡ ಹಿತ್ತಾಳೆ ನಾಣ್ಯಗಳ ಮೇಲೆ ಬಹಳ ಕಾಣುತ್ತದೆ. ಮೊದಲ ಮೂರು ಅಕ್ಷರ ನೀರೋ ಸೀಸರ್ ಅಗಸ್ಟಸ್. ಕೊನೆಯ ಎರಡಕ್ಕೆ ಒಪ್ಪಿಗೆ ಕೊಟ್ಟ ಅಂತ ಅರ್ಥ ಮಾಡುವವರು ಹೆಚ್ಚು, ರೋಮನ್ ಜನರಿಗೆ ಅಂತ ಓದುವವರೂ ಇದ್ದಾರೆ. ಡಿ, ವಿ, ಪಿ ಎಂಬ ಠಸ್ಸೆಯ ಕೆಲಸ ಬೇರೆ. ತೂಕ ಕಡಿಮೆ ಇದ್ದ ಸೆಸ್ಟರ್ಷಿಯಸ್ ನಕಲುಗಳಿಗೆ ಅದನ್ನು ಒತ್ತಿ, ಇದು ಇನ್ನು ಮೇಲೆ ಡುಪೋಂಡಿಯಸ್, ಅರ್ಧ ಬೆಲೆ ಅಂತ ಸಾರುತ್ತಿದ್ದರು. ಕ್ರಿ.ಶ. 68ರಲ್ಲಿ ಗಾಲ್ ಸೀಮೆಯಲ್ಲಿ, ಅಂದರೆ ಇವತ್ತಿನ ಫ್ರಾನ್ಸ್ ಕಡೆ, ವಿಂಡೆಕ್ಸ್ ಎಂಬ ಅಧಿಕಾರಿ ನೀರೋ ವಿರುದ್ಧ ದಂಗೆ ಎದ್ದ. ಲಿಯೋನ್‌ನ ನೀರೋ ನಾಣ್ಯಗಳ ಮೇಲೆ ಎಸ್, ಪಿ, ಕ್ಯೂ, ಆರ್ ಅಂತ, ಅಂದರೆ ರೋಮ್‌ನ ಸೆನೆಟ್ ಮತ್ತು ಜನ ಅಂತ, ಒತ್ತಿದ ಠಸ್ಸೆಯನ್ನು ಆ ದಂಗೆಗೆ ಜೋಡಿಸುತ್ತಾರೆ. ಆಳುವವನ ಮುಖದ ಮೇಲೇ ಜನರ ಹೆಸರು. ಜೆರುಸಲೇಮ್ ಕಡೆ ಸಿಗುವ ನಾಣ್ಯಗಳ ಮೇಲೆ ಕಾಡುಹಂದಿ, ಹಡಗಿನ ಚಿತ್ರದ ಠಸ್ಸೆ ಇವೆ, ಅವು 10ನೇ ಲೀಜನ್ನಿನವು. ಕ್ರಿ.ಶ. 70ರಲ್ಲಿ ಆ ಊರು ಬಿದ್ದ ಮೇಲೆ ಕಾವಲಿಗೆ ಅಲ್ಲೇ ನಿಂತ ಪಡೆ ಅದು.

ಇದೆಲ್ಲ ದೂರದ ಕಥೆ, ನಮಗೇನು ಅಂತ ಕೇಳುವವರಿಗೆ ಹತ್ತಿರದ ಮಾತು ಹೇಳುತ್ತೇನೆ. ಆರಂಭದ ರೋಮನ್ ನಾಣ್ಯಗಳು ನಮ್ಮ ಕಡೆಗೂ ಬಂದಿವೆ, ಆದರೆ ಹೆಚ್ಚಾಗಿ ಬೆಳ್ಳಿ ಮತ್ತು ಚಿನ್ನ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲೆಯಲ್ಲಿ 1500ಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಒಂದೇ ಕಡೆ ಸಿಕ್ಕಾಗ ಎಷ್ಟೋ ನಾಣ್ಯಗಳ ಮೇಲೆ ಸಣ್ಣ ಸಣ್ಣ ಗುರುತು ಒತ್ತಿದ್ದರು. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲು ಚಕ್ರವರ್ತಿಯ ಮುಖಕ್ಕೆ ಅಡ್ಡ ಗೀರು ಹಾಕಿದ್ದರು. ಇದು ನಮ್ಮ ನೆಲದಲ್ಲೇ ಆದ ಕೆಲಸ ಅಂತ ಹೇಳುತ್ತಾರೆ. ನಾಸಿಕ್ ಹತ್ತಿರದ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ 13 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಕ್ಷಹರಾತ ವಂಶದ ದೊರೆ ನಹಪಾನನವು. ಅದರಲ್ಲಿ 9 ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಸಾತವಾಹನ ದೊರೆ ಗೌತಮೀಪುತ್ರ ಸಾತಕರ್ಣಿ ತನ್ನ ಚಿಹ್ನೆ ಒತ್ತಿಸಿದ್ದಾನೆ. ಸೋತವನ ಮುಖದ ಮೇಲೆ ಗೆದ್ದವನ ಬೆಟ್ಟದ ಚಿಹ್ನೆ. ಆ ಗೆಲುವು ಎಷ್ಟು ಪೂರ್ತಿಯಾಗಿತ್ತು ಅಂತ ನಮಗೆ ತಿಳಿಸುವುದು ಈ ನಾಣ್ಯಗಳೇ.

ಅದೇ ಸಾತವಾಹನರ ಊರು ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿ. ಭೀಮಾ ದಂಡೆ. ಅಶೋಕನ ಶಾಸನದ ಕಲ್ಲು ಅಲ್ಲಿ ಕಾಳಿ ಮೂರ್ತಿಗೆ ಪೀಠವಾಗಿ ಕೂತಿತ್ತು, ಗುಡಿಯ ಮಾಳಿಗೆ ಕುಸಿದ ಮೇಲೆ ಜಗತ್ತಿಗೆ ಗೊತ್ತಾಯಿತು. ಕನಗನಹಳ್ಳಿಯ ಸ್ತೂಪದ ಕಲ್ಲುಗಳ ಮೇಲೆ ಸಾತವಾಹನ ದೊರೆಗಳ ಚಿತ್ರ ಇದೆ, ಕೆಳಗೆ ಹೆಸರು ಕೆತ್ತಿದೆ. ಇಂಥ ನೆಲದಲ್ಲಿ ಮಳೆ ಬಿದ್ದ ಮೇಲೆ, ಕುಂಟೆ ಹೊಡೆದ ಮೇಲೆ, ಹೊಲದಲ್ಲಿ ಹಳೆ ಬಿಲ್ಲೆ ಮೇಲೆ ಬರುವುದು ಹೊಸದಲ್ಲ. ಸಿಕ್ಕವರು ಮೊದಲು ಮಾಡುವ ಕೆಲಸ ತಿಕ್ಕುವುದು. ಹುಣಸೆಹಣ್ಣು, ನಿಂಬೆಹಣ್ಣು, ಇಟ್ಟಿಗೆ ಪುಡಿ, ಈಗ ಆಸಿಡ್. ಬೆಳ್ಳಿಯೋ ಸೀಸವೋ ನೋಡಬೇಕು ಅಂತ. ಈ ಆಸೆ ಅರ್ಥವಾಗುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಸಾವಿರಾರು ವರ್ಷ ಉಳಿದ ಅಕ್ಷರ ಹೋಗುತ್ತದೆ.

ನಮ್ಮ ಮನೆಯಲ್ಲೇ ಹೀಗಾಯಿತು. ಮುತ್ಯಾ ಬಿಟ್ಟು ಹೋದ 11 ಬೆಳ್ಳಿ ರೂಪಾಯಿ ಆಯಿಯ ಪೆಟ್ಟಿಗೆಯಲ್ಲಿದ್ದವು, ನಿಜಾಮರ ಕಾಲದವು. ನಾನು ಸಣ್ಣವನಿದ್ದಾಗ ಅವುಗಳ ಮೇಲೆ ಪುಟ್ಟ ಪುಟ್ಟ ಗುರುತು ನೋಡಿದ ನೆನಪಿದೆ. ಒಂದರ ಮೇಲೆ ಹೂವು, ಒಂದರ ಮೇಲೆ ಅರ್ಧಚಂದ್ರ. ಸರಾಫರು, ಅಂದರೆ ಬೆಳ್ಳಿ, ಚಿನ್ನ, ನಾಣ್ಯದ ವ್ಯಾಪಾರಿಗಳು, ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ, ನಾದ ಕೇಳಿ, ಬೆಳ್ಳಿ ಸರಿ ಇದೆ ಅಂತ ಒತ್ತುತ್ತಿದ್ದ ಗುರುತು ಅವು. ನಿಜಾಮರ ಹಾಲಿ ರೂಪಾಯಿ, ಬ್ರಿಟಿಷರ ಕಲ್ದಾರ್ ರೂಪಾಯಿ ಎರಡೂ ಒಂದೇ ಬಜಾರಿನಲ್ಲಿ ಓಡಾಡಿದ ಊರು ನಮ್ಮದು, ಸರಾಫರ ಮಾತಿಗೆ ಬೆಲೆ ಇತ್ತು. ಆಯಿ ತೀರಿಕೊಂಡ ಮೇಲೆ, ಮಗಳ ಮದುವೆ ಹೊತ್ತಿಗೆ, ದೇವರ ಮನೆಯಲ್ಲಿ ಇಡೋಣ ಅಂತ ಆ ನಾಣ್ಯಗಳನ್ನು ಒಂದು ಅಂಗಡಿಗೆ ಕೊಟ್ಟೆ. ತೊಳೆದು ಕೊಡಿ ಅಂದಿದ್ದೆ. ಸಂಜೆ ಹೋದರೆ, “ಕಲೆ ಎಲ್ಲಾ ತೆಗೆದೀನ್ರೀ ಸರ್, ಕನ್ನಡಿ ಹಾಂಗ ಆಗ್ಯಾವ ನೋಡ್ರಿ” ಅಂದರು. ನಿಜ, ಕನ್ನಡಿಯ ಹಾಗೇ ಆಗಿದ್ದವು. ಯಂತ್ರಕ್ಕೆ ಹಿಡಿದಿದ್ದರು. ಹೂವೂ ಇಲ್ಲ, ಚಂದ್ರನೂ ಇಲ್ಲ, ಪಾರಸಿ ಅಕ್ಷರವೂ ಅರ್ಧ ಹೋಗಿದ್ದವು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮುತ್ಯಾನ ಕೈಗೆ ಆ ರೂಪಾಯಿ ಕೊಟ್ಟ ಸರಾಫ ಯಾರು ಅಂತ ಇನ್ನು ಕೇಳುವುದು ಯಾರನ್ನ?

ಅದಕ್ಕೆ ನಿಮ್ಮಲ್ಲಿ ಮೂರು ಕೋರಿಕೆ. ಆ ಸಲಹೆಗೆ ದಯವಿಟ್ಟು ತಿದ್ದುಪಡಿ ಹಾಕಿ. ನಾಣ್ಯ ಸಿಕ್ಕ ಸುದ್ದಿ ಬಂದಾಗಲೆಲ್ಲ ನಿಮ್ಮ ವರದಿಗಾರರು ಎರಡೂ ಬದಿಯ ಫೋಟೋ ತೆಗೆಯಲಿ, ತೊಳೆಯುವ ಮೊದಲೇ ತೆಗೆಯಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮತ್ತೆ ಹೊಲದಲ್ಲಿ, ಪಾಯ ತೆಗೆಯುವಾಗ ಸಿಕ್ಕದ್ದನ್ನು ಕಾನೂನಿನ ಪ್ರಕಾರ ಜಿಲ್ಲಾಧಿಕಾರಿ ಗಮನಕ್ಕೆ ತರಬೇಕು ಎಂಬುದನ್ನೂ, ಯಾವ ಹೊಲ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಇತ್ತೇ ಅಂತ ಬರೆದಿಟ್ಟುಕೊಳ್ಳಬೇಕು ಎಂಬುದನ್ನೂ ಪ್ರತಿ ಸಲ ಎರಡು ಸಾಲು ಸೇರಿಸಿ. ಕಾಲ್ಕ್ರೀಸದಲ್ಲಿ ನಾಣ್ಯ ಸಿಕ್ಕ ಜಾಗ ಗೊತ್ತಿದ್ದರಿಂದಲೇ ಅದು ಸಾಕ್ಷಿಯಾಯಿತು. ಜಾಗ ಗೊತ್ತಿಲ್ಲದ ನಾಣ್ಯ ಬರೀ ತಾಮ್ರ. ಮನೆಯಲ್ಲಿ ತಲೆಮಾರಿನಿಂದ ಬಂದ ನಾಣ್ಯಗಳನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಾಕು, ಬೇರೇನೂ ಬೇಡ.

ಇನ್ನೊಂದು ವಿಷಯ. 11ರಲ್ಲಿ 10 ನಾಣ್ಯ ಪಾಲಿಶ್ ಆದವು. ಒಂದು ಆಯಿಯ ಬಟ್ಟೆ ಚೀಲದ ಹೊಲಿಗೆ ಸಂದಿಯಲ್ಲಿ ಸಿಕ್ಕಿಕೊಂಡು ಉಳಿದಿತ್ತು, ಹೋದ ತಿಂಗಳು ಕೈಗೆ ಬಂತು. ಕಪ್ಪಾಗಿದೆ, ನಾನು ಮುಟ್ಟಿಲ್ಲ. ಅದರ ಅಂಚಿನಲ್ಲಿ ಎರಡು ಠಸ್ಸೆ ಇವೆ. ಒಂದು ಆರು ಎಸಳಿನ ಹೂವು. ಇನ್ನೊಂದು ಅದರ ಒಂದು ಎಸಳನ್ನು ಕತ್ತರಿಸಿ ಬಿದ್ದಿದೆ, ಅಂದರೆ ಹೂವಿನ ನಂತರದ್ದು. ಸಣ್ಣ ದುಂಡು ತಗ್ಗು, ಒಳಗೆ ಮೇಲೆ ಅಗಲ, ಕೆಳಗೆ ಚೂಪಾದ ಏನೋ ಒಂದು ಆಕಾರ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಎರಡು ಫೋಟೋ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಅಚ್ಚು ಹಾಕಿ. ಬೀದರ್, ಯಾದಗಿರಿ, ಕಲಬುರಗಿಯ ಯಾರ ಮನೆಯ ರೂಪಾಯಿ ಮೇಲಾದರೂ ಇದೇ ಆರು ಎಸಳಿನ ಹೂವು ಇದ್ದರೆ, ತಿಕ್ಕದೆ, ಫೋಟೋ ತೆಗೆದು ನಿಮ್ಮ ಪತ್ರಿಕೆಗೆ ಕಳಿಸಲಿ. ಯಾವ ಊರಿನ ಸರಾಫರ ಮನೆಯ ಗುರುತು ಅದು ಅಂತ ಹಿರಿಯರು ಯಾರಿಗಾದರೂ ನೆನಪಿದ್ದರೆ ಅದನ್ನೂ ಬರೆಯಲಿ.

ಇಂತಿ ತಮ್ಮ ಓದುಗ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಬ್ರಹ್ಮಪುರ, ಕಲಬುರಗಿ